ನೊರೆ ಬಂದರೆ ಅಸಲಿ

ನಮ್ಮ ಕಾಕಾ ಇಲ್ಲಿಯವರೆಗೆ ನನ್ನ ಮೇಲೆ ಒಂದು ಹನಿ ಆ್ಯಸಿಡ್ ಬಿಟ್ಟಿಲ್ಲ. ಅವರಿಗೆ ನನ್ನ ಮೇಲೆ ಪ್ರೀತಿಯಿದೆ ಎನ್ನಲು ಬಹಳ ವರ್ಷ ನನ್ನ ಬಳಿ ಇದ್ದದ್ದು ಅದೊಂದೇ ಪುರಾವೆ!

ಗಾಬರಿಯಾಗಬೇಡಿ, ಅವರು ಅಂಥ ಮನುಷ್ಯರಲ್ಲ. ನನ್ನ ಅಪ್ಪನ ತಮ್ಮ. ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಕಲ್ಲು ಪರೀಕ್ಷೆ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ನೀರು ಬೆರೆಸಿದ ಆ್ಯಸಿಡ್ಡಿನ ಒಂದು ಹನಿ ಬಿಟ್ಟರೆ ಸುಣ್ಣದ ಕಲ್ಲು ಬುಸುಬುಸು ನೊರೆ ಉಗುಳುತ್ತದೆ. ಬೇರೆ ಕಲ್ಲಾದರೆ ತನಗೇನೂ ಸಂಬಂಧವಿಲ್ಲವೆಂಬಂತೆ ಸುಮ್ಮನಿರುತ್ತದೆ. ನೊರೆ ಬಂದರೆ ಅಸಲಿ, ಬರದಿದ್ದರೆ ನಕಲಿ. ಇಷ್ಟೇ ಕಾಕಾನ ವೇದಾಂತ. ಕಾರ್ಖಾನೆಯವರು ಹಾರ ಹಾಕಿ, ಶಾಲು ಹೊದಿಸಿ, ಸೇಡಂನ ನಮ್ಮ ಮನೆಗೆ ಕಳಿಸಿಕೊಟ್ಟರು. ಕಾಕಾ ಕೆಲಸ ಬಿಟ್ಟರೇ ಹೊರತು ಆ ಸಣ್ಣ ಡ್ರಾಪರ್ ಬಾಟಲಿ ಬಿಡಲಿಲ್ಲ. ಅದು ಸದಾ ಅಂಗಿಯ ಎಡಕಿಸೆಯಲ್ಲಿ. ಹೀಗಾಗಿ ಅವರ ಪ್ರತಿಯೊಂದು ಅಂಗಿಯ ಎಡಕಿಸೆಗೂ ಒಂದೊಂದು ತೂತು! ತೇಪೆ ಹಚ್ಚಿ ಹಚ್ಚಿ ಅವರ ವೈನಿಗೆ, ಅಂದರೆ ಅತ್ತಿಗೆಯಾದ ನಮ್ಮವ್ವನಿಗೆ, ಸಾಕಾಗಿತ್ತು.

"ವೈನಿ, ಕಿಸೆ ಮತ್ತ ತೂತ ಆಗ್ಯದ್ರಿ."

"ಎದಿ ತೂತ ಆಗೋಕಿಂತ ಮದಲ ಆ ಬಾಟ್ಲಿ ಹೊರಗ ಒಗೀರಿ."

"ಎದಿ ಏನೂ ಆಗಲ್ರಿ. ಅದು ಸುಣ್ಣದ್ದಲ್ಲ."

ಒಮ್ಮೆ ಶಹಾಬಾದಿನಲ್ಲಿ ದೂರದ ಸಂಬಂಧಿಕರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಶಹಾಬಾದ್ ಎಂದರೆ ಫರ್ಸಿಯ ತವರು. ನಮ್ಮ ಭಾಗದ ಮನೆಗಳ ನೆಲ, ಕಟ್ಟೆ, ಮೆಟ್ಟಿಲು, ಬಚ್ಚಲು, ಎಲ್ಲಕ್ಕೂ ಅದೇ ಬೂದು ಬಣ್ಣದ ಸುಣ್ಣದ ಕಲ್ಲು. ಆ ಮನೆಯ ಯಜಮಾನರು ಮಾತ್ರ ಬಂದವರಿಗೆಲ್ಲ ಮೆಟ್ಟಿಲು ತೋರಿಸಿ, "ಫರ್ಸಿ ಯಾರಿಗಿ ಬೇಕ್ರಿ ಈಗ? ಇದು ಗ್ರಾನೈಟ್! ಹೈದ್ರಾಬಾದಿನಿಂದ ತರ್ಸೀವಿ" ಎನ್ನುತ್ತಿದ್ದರು. ನಾನು ಕಾಕಾನ ಕೈ ಹಿಡಿಯುವಷ್ಟರಲ್ಲಿ ಹನಿ ಬಿದ್ದಾಗಿತ್ತು. ಬುಸ್ಸ್! ಮೆಟ್ಟಿಲ ಮೇಲೆ ಬೆಳ್ಳನೆಯ ನೊರೆ.

"ಯಜಮಾನ್ರ, ನಿಮ್ಮ ಗ್ರಾನೈಟ್ ನೊರಿ ಉಗುಳ್ಲಿಕತ್ತದ. ಇದು ನಮ್ಮ ಫರ್ಸಿನೇ ಅದ, ಮಾರಿಗಿ ಕರಿ ಬಣ್ಣ ಹಚ್ಕೊಂಡದ" ಎಂದರು ಕಾಕಾ, ಕಳೆದುಹೋಗಿದ್ದ ನೆಂಟನನ್ನು ಸಂತೆಯಲ್ಲಿ ಕಂಡಷ್ಟು ಸಂತೋಷದಿಂದ. ಆ ದಿನ ನಮ್ಮ ಪಂಕ್ತಿಗೆ ಎರಡನೇ ಹೋಳಿಗೆ ಬರಲಿಲ್ಲ. ಮೊದಲನೆಯದೂ ಬಹಳ ತೆಳ್ಳಗಿತ್ತು!

ಕಾಕಾ ಮದುವೆಯಾಗಲಿಲ್ಲ. ಬಾಟಲಿಗೆ ಹೆದರಿ ಯಾರೂ ಹೆಣ್ಣು ಕೊಡಲಿಲ್ಲವೆಂದು ನಾವು ಮನೆಯಲ್ಲಿ ನಗುತ್ತೇವೆ. ಕಾಲಿನ ಮಾತು ಯಾರೂ ಎತ್ತುವುದಿಲ್ಲ. ಕಾರ್ಖಾನೆ ಸೇರುವ ಮೊದಲು, ಇನ್ನೂ ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ಅವರು ಫರ್ಸಿ ಗಣಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ಎಡಗಾಲ ಮೇಲೆ ಕಲ್ಲು ಬಿತ್ತು. ಅಂದಿನಿಂದ ಅವರದು ಎಳೆಯುವ ನಡಿಗೆ: ಬಲಗಾಲು ಟಪ್, ಎಡಗಾಲು ಸರ್‍ರ್, ಎಡಭುಜ ಒಂದಿಷ್ಟು ಮೇಲಕ್ಕೆ. ಟಪ್, ಸರ್‍ರ್. ಟಪ್, ಸರ್‍ರ್.

ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎನ್ನುತ್ತೀರಾ? ಹೇಳಲು ನಾಚಿಕೆಯಾಗುತ್ತದೆ. ಆದರೆ ನಾಚಿಕೆಯಿದ್ದಿದ್ದರೆ ನಾನು ಈ ಕಸುಬಿಗೆ ಬರುತ್ತಿದ್ದೆನೆ?

ನನ್ನ ಕಸುಬು ನಕಲಿ. ಅಂದರೆ ಬೇರೆಯವರ ಹಾಗೆ ಮಾತಾಡುವುದು, ಬೇರೆಯವರ ಹಾಗೆ ಕೆಮ್ಮುವುದು, ಬೇರೆಯವರ ಹಾಗೆ ನಡೆಯುವುದು. ಮದುವೆ, ಹುಟ್ಟುಹಬ್ಬ, ಕಾಲೇಜಿನ ಗ್ಯಾದರಿಂಗ್, ಎಲ್ಲಿ ಕರೆದರಲ್ಲಿ ಹೋಗಿ ಊರಿನವರನ್ನು ಊರಿನವರಿಗೇ ತೋರಿಸಿ ಬರುತ್ತೇನೆ. ಉಳಿದ ದಿನಗಳಲ್ಲಿ ಪ್ರಚಾರದ ಆಟೋಗಳಿಗೆ ದನಿ ಕೊಡುತ್ತೇನೆ. ಸೇಡಂ, ಚಿತ್ತಾಪುರದ ಬೀದಿಗಳಲ್ಲಿ "ಬರ್ರಿ ಬರ್ರಿ, ಇವತ್ತೊಂದೇ ದಿನ!" ಎಂದು ಸೀರೆ ಸೇಲಿಗೆ ಕೂಗಿದ್ದನ್ನು ಕೇಳಿದ್ದರೆ, ಆ ದನಿ ನನ್ನದೇ. ಕ್ಷಮಿಸಿ.

ನನ್ನ ಹತ್ತಿರ ಹೆಡ್‌ಮಾಸ್ತರರಿದ್ದಾರೆ, ಕಲಬುರಗಿ ಬಸ್ಸಿನ ಕಂಡಕ್ಟರ್ ಇದ್ದಾನೆ, ಅವ್ವ ನೆರೆಮನೆಯವರ ಜೊತೆ ಜಗಳಕ್ಕೆ ಮುನ್ನ ಸೆರಗು ಸಿಕ್ಕಿಸುವ ಭಂಗಿ ಇದೆ. ಆದರೆ ಮಂದಿ ಸೀಟಿ ಹೊಡೆದು ಕೇಳುವುದು ಒಂದನ್ನೇ: "ಕಾಕಾನ ನಡಿಗಿ ಮಾಡಲೇ!" ಆರನೇ ವಯಸ್ಸಿನಿಂದ ಮಾಡುತ್ತ ಬಂದಿದ್ದೇನೆ. ಟಪ್, ಸರ್‍ರ್, ಕಿಸೆಯಿಂದ ಬಾಟಲಿ, ಒಂದು ಹನಿ, ಬಗ್ಗಿ ನೋಡುವುದು, "ನಕಲಿ!" ಎಂದು ಮುಖ ತಿರುಗಿಸುವುದು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕಾಕಾ ಎದುರಿಗಿದ್ದರೆ ಅವರೂ ನಗುತ್ತಾರೆ. ಆಮೇಲೆ ಮನೆಗೆ ಬಂದು, "ಭುಜ ಭಾಳ ಎತ್ತಿದಿ. ನಾ ಅಷ್ಟು ಎತ್ತಂಗಿಲ್ಲ" ಎಂದು ತಿದ್ದುತ್ತಾರೆ! ಪರೀಕ್ಷಕರಲ್ಲವೇ?

ಹೀಗಿರುವಾಗ ನನ್ನ ಬಾಳಿನಲ್ಲಿ ಒಂದು ಉಣ್ಣಿ ಬಂತು.

ದನದ ಕಿವಿಗೆ, ನಾಯಿಯ ಕುತ್ತಿಗೆಗೆ ಕಚ್ಚಿಕೊಂಡು ರಕ್ತ ಕುಡಿಯುತ್ತದಲ್ಲ, ಅದೇ ಉಣ್ಣಿ. ಗೆಳೆಯರ ಜೊತೆ ಚಿಂಚೋಳಿ ಕಾಡಿಗೆ ಹೋಗಿದ್ದೆ. ಹುಲ್ಲಿನಲ್ಲಿ ಮಲಗಿ ನವಿಲಿನ ಕೂಗು ಅಭ್ಯಾಸ ಮಾಡುತ್ತಿದ್ದೆ. ನವಿಲು ಬರಲಿಲ್ಲ, ಉಣ್ಣಿ ಬಂತು. ಮನೆಗೆ ಬಂದಾಗ ತೊಡೆಯ ಸಂದಿಯಲ್ಲಿ ಎಳ್ಳಿನಷ್ಟಿದ್ದದ್ದು ಕಡಲೆಯಷ್ಟಾಗಿ ಕೂತಿತ್ತು. ಕಿತ್ತು ಒಗೆದೆ. ನಾಲ್ಕಾರು ದಿನಕ್ಕೆ ಅಲ್ಲಿ ಕೆಂಪನೆಯ ಉಂಗುರ ಮೂಡಿ ಬಳೆಯಷ್ಟು ಅಗಲವಾಯಿತು. ತೋರಿಸುವ ಜಾಗವಲ್ಲವಾದ್ದರಿಂದ ತೋರಿಸಲಿಲ್ಲ. ತಾನಾಗಿಯೇ ಹೋಯಿತು. ನಾನೂ ಮರೆತೆ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಎಡ ಮೊಣಕಾಲು ಊದಿ ಸಣ್ಣ ಕುಂಬಳಕಾಯಿ! ಮುಟ್ಟಿದರೆ ಬಿಸಿ. ಮಡಚಲು ಬರುವುದಿಲ್ಲ. ಎದ್ದು ನಿಂತರೆ ಬಲಗಾಲು ಟಪ್, ಎಡಗಾಲು ಸರ್‍ರ್.

ಈಗ ನನ್ನ ಗತಿ ಊಹಿಸಿಕೊಳ್ಳಿ. ಅಡುಗೆಮನೆಗೆ ಹೋದೆ.

"ಅವ್ವಾ, ಕಾಲು ನೋವು."

ಅವ್ವ ರೊಟ್ಟಿ ಬಡಿಯುತ್ತ ನನ್ನ ನಡಿಗೆ ನೋಡಿದಳು. "ಮುಂಜಾನೆದ್ದು ಕಾಕಾನ್ನ ಕಾಡಬ್ಯಾಡ. ಮಾರಿ ತೊಳಿ ಹೋಗು."

"ಖರೇನೇ ಅವ್ವಾ!"

"ನಿನ್ನ ಖರೇ ನನಗ ಗೊತ್ತಿಲ್ಲೇನು? ಐದನೇ ಕ್ಲಾಸಿನ್ಯಾಗ ಇದ್ದಾಗ ಪರೀಕ್ಷಾ ದಿನ ಹೊಟ್ಟಿನೋವಂತ ನೆಲದ ಮ್ಯಾಲ ಉಳ್ಳಾಡಿದ್ದಿ. ನಾ ಅತ್ಕೊಂತ ದವಾಖಾನಿಗಿ ಎತ್ಕೊಂಡು ಓಡಿದ್ರ, ಅಲ್ಲಿ ಡಾಕ್ಟರ್ ದನಿ ಮಾಡಿ ಡಾಕ್ಟರನ್ನೇ ನಗಿಸಿದಿ."

ಬೀದಿಗೆ ಬಂದೆ. ಚಹಾದಂಗಡಿಯಲ್ಲಿ ಚಪ್ಪಾಳೆ ಬಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್, "ಇವತ್ತ ಭಾರಿ ಕುಂತದ ನೋಡು, ಭುಜ ಸುದ್ದಾ ಬರಾಬರ್ ಅದ!" ಎಂದು ಬೆನ್ನು ತಟ್ಟಿದ. ನೋವಿಗೆ ನಾನು ಕಿರುಚಿದೆ. "ಕಿರುಚಾಟ ಹೊಸಾದು ಸೇರ್ಸಿದ್ಯಾ?" ಎಂದ. ಔಷಧಿ ಅಂಗಡಿಯವನು ನೋವಿನ ಗುಳಿಗೆ ಕೊಡುವ ಬದಲು ತನ್ನ ಅಳಿಯನಿಗೆ ವಿಡಿಯೊ ಕಾಲ್ ಮಾಡಿ ನನ್ನನ್ನು ತೋರಿಸಿದ. ಇಪ್ಪತ್ತು ವರ್ಷ ಸುಳ್ಳು ಕುಂಟಿದವನಿಗೆ ಖರೇ ಕುಂಟು ಬಂದರೆ ಯಾರು ನಂಬುತ್ತಾರೆ? ನಾನೇ ಆಗಿದ್ದರೂ ನಂಬುತ್ತಿರಲಿಲ್ಲ. ಸೀಟಿ ಹೊಡೆಯುತ್ತಿದ್ದೆ!

ಮನೆಗೆ ತಿರುಗಿ ಬಂದಾಗ ಕಾಕಾ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ನಾನು ಬೀದಿ ತಿರುವಿನಿಂದ ಬಾಗಿಲತನಕ ಬರುವುದನ್ನು ಪೇಪರಿನ ಮೇಲಂಚಿನಿಂದ ನೋಡಿದರು. ಪೇಪರ್ ಮಡಚಿದರು.

"ನಿಂದ್ರು."

ನಿಂತೆ. ಬೈಗುಳಕ್ಕೆ ಕಿವಿ ತಯಾರು ಮಾಡಿಕೊಂಡೆ.

"ಯಾವಾಗಿಂದ?"

"ಏನು ಕಾಕಾ?"

"ಕಾಲು."

ಬೆಳಗಿನಿಂದ ಊರೆಲ್ಲ ತಿರುಗಿ ಸಿಗದ ಪ್ರಶ್ನೆ! "ನಿನಗ ಹ್ಯಾಂಗ ಗೊತ್ತಾತು? ಎಲ್ಲಾರೂ ನಕಲಿ ಅಂದ್ರು."

"ಅವರಿಗೇನು ತಿಳೀತದ? ನೀ ನನ್ನ ನಕಲಿ ಮಾಡುವಾಗ ಮಂದಿ ಮಾರಿ ನೋಡ್ಕೊಂತ ನಡೀತಿ, ಯಾರ್‍ಯಾರು ನಕ್ರು ಅಂತ. ಇವತ್ತ ನೆಲ ನೋಡ್ಕೊಂತ ಬಂದಿ. ಇದು ಅಸಲಿ ಅದ. ಕುಂದ್ರಿಲ್ಲಿ."

ಬಾಟಲಿ ತೆಗೆಯಲಿಲ್ಲ. ಅಂಗೈಯನ್ನು ನನ್ನ ಮೊಣಕಾಲ ಮೇಲಿಟ್ಟರು. ಒಲೆಯ ಮೇಲಿನ ತವೆ ಕಾದಿದೆಯೇ ಎಂದು ನೋಡುವವರ ಹಾಗೆ, ಇಟ್ಟು, ತೆಗೆದು, ಮತ್ತೆ ಇಟ್ಟರು. "ವೈನಿ, ಅಂಗಿ ಕೊಡ್ರಿ. ಕಲಬುರಗಿಗಿ ಹೊಂಟೀವಿ."

ಕಲಬುರಗಿಯ ಕೀಲುಬೇನೆಯ ಡಾಕ್ಟರಮ್ಮ ನನ್ನನ್ನು ಎಂದೂ ನೋಡಿರಲಿಲ್ಲ. ಹೀಗಾಗಿ ನಂಬಿದರು! ಸೂಜಿ ಹಾಕಿ ಮೊಣಕಾಲಿನಿಂದ ಹಳದಿ ನೀರು ತೆಗೆದರು. ಎಲ್ಲಿಗೆ ಹೋಗಿದ್ದೆ, ಏನು ಕಡಿಯಿತು ಎಂದು ಕೆದಕಿ ಕೆದಕಿ ಕೇಳಿದರು. ಆ ಕೆಂಪು ಉಂಗುರದ ಮಾತು ಆಗ ಹೊರಬಿತ್ತು. ರಕ್ತ ದೂರದ ಲ್ಯಾಬಿಗೆ ಹೋಗಿ ಬಂತು. ಮುಂದಿನ ಸಲ ಹೋದಾಗ ರಿಪೋರ್ಟ್ ನೋಡಿ ಹೇಳಿದರು:

"ನಮ್ಮ ಕಡಿ ಇದು ಭಾಳ ಅಪರೂಪ. ನಾನಂತೂ ಈ ಭಾಗದಾಗ ಕಂಡಿದ್ದಿಲ್ಲ. ಆದ್ರ ರಿಪೋರ್ಟ್, ಉಣ್ಣಿ, ಉಂಗುರ ಮೂರೂ ಕೂಡಿಸಿ ನೋಡಿದ್ರ ಲೈಮ್ ರೋಗನೇ ಅನ್ನಸ್ತದ."

ಕಾಕಾ ಕುರ್ಚಿಯಿಂದ ಅರ್ಧ ಎದ್ದರು. "ಲೈಮಾ?"

"ಹೌದ್ರಿ, ಲೈಮ್."

"ಲೈಮ್ ಅಂದ್ರ ನನ್ನ ಸಬ್ಜೆಕ್ಟ್ ಅದ ಮೇಡಂ! ಮೂವತ್ತು ವರ್ಷ ಅದೇ ಮಾಡೀನಿ. ಎಷ್ಟು ಪರ್ಸೆಂಟ್ ಬಂದದ?"

"ಪರ್ಸೆಂಟ್?"

"ಲೈಮ್ ಎಷ್ಟು, ಸಿಲಿಕಾ ಎಷ್ಟು?"

ಡಾಕ್ಟರಮ್ಮ ನನ್ನತ್ತ ನೋಡಿದರು. ನಾನು ಗೋಡೆಯತ್ತ ನೋಡಿದೆ. ತಪ್ಪು ಕಾಕಾನದಲ್ಲ. ನಮ್ಮ ಭಾಗದಲ್ಲಿ ಲೈಮ್ ಎಂದರೆ ಸುಣ್ಣ. ನಮ್ಮ ನೆಲ ಸುಣ್ಣದ್ದು, ಗಾಳಿಯ ಧೂಳು ಸುಣ್ಣದ್ದು, ಊರಿನ ಅರ್ಧ ಸಂಬಳ ಸುಣ್ಣದ್ದು. ನಮ್ಮ ಮೊಣಕಾಲಿಗೂ ಸುಣ್ಣವೇ ಬಂತೆಂದರೆ ನಂಬದವರು ಯಾರು? ಅದು ಯಾವುದೋ ದೇಶದ ಒಂದು ಊರಿನ ಹೆಸರೆಂದು, ಅದಕ್ಕೂ ಸುಣ್ಣಕ್ಕೂ ಏನೂ ಸಂಬಂಧವಿಲ್ಲವೆಂದು ಅವರು ಎಷ್ಟು ಬಿಡಿಸಿ ಹೇಳಿದರೂ ಕಾಕಾನ ಮುಖದ ಮೇಲೆ, ತನ್ನ ಹೊಲಕ್ಕೆ ಬೇರೆಯವರು ಬೇಲಿ ಹಾಕಿದ ಸಂಕಟ.

"ಹಂಗಾದ್ರ ಊದಿಸಿದ್ದು ಯಾರ್‍ರಿ?" ಎಂದರು ಕೊನೆಗೆ.

"ಉಣ್ಣಿ ಕಡಿದಾಗ ಅದರ ಜೋಡಿ ಒಂದು ಬ್ಯಾಕ್ಟೀರಿಯಾ ಒಳಗ ಬಂತು. ಸ್ಪ್ರಿಂಗ್ ಇದ್ದಂಗ ಸುರುಳಿ ಸುರುಳಿ ಇರ್ತದ. ಆದ್ರ ಊದಿಸಿದ್ದು ಅದಲ್ಲ. ಇವರವೇ ಕಾವಲು ಕಣಗಳು, ರಕ್ತದಾಗಿನ ಬಿಳಿ ಕಣ."

"ಮನಿ ಕಾಯೋರೇ?"

"ಅವರೇ. ಮದಲ ಒಂದು ಜಾತಿ ಕಣ ಬಂದು ಕಳ್ಳನ್ನ ನುಂಗ್ತದ. ನುಂಗಿ, ಅವನ ಒಂದು ತುಂಡು ಎತ್ತಿ ಇನ್ನೊಂದು ಜಾತಿ ಕಣಕ್ಕ ತೋರಸ್ತದ."

"ಸ್ಯಾಂಪಲ್!" ಎಂದರು ಕಾಕಾ. ಮುಖ ಅರಳಿತು.

"ಹೂಂ, ಸ್ಯಾಂಪಲ್. ಅದು ಪರೀಕ್ಷಾ ಮಾಡಿ, ಇವ ಹೊರಗಿನಾವ ಅಂತ ಗುರ್ತು ಹಿಡೀತದ. ಆಮ್ಯಾಗ ಎಲ್ಲಾ ಕೂಡಿ ಬರ್ರಿ ಬರ್ರಿ ಅಂತ ಕೂಗ್ತಾವ. ಬಾಯಿಲೆ ಅಲ್ಲ, ಒಂದು ನಮೂನಿ ರಸ ಬಿಟ್ಟು. ಆ ಕೂಗಿಗಿ ಇನ್ನಷ್ಟು ಕಣ ಓಡಿ ಬಂದು, ತಮ್ಮ ಹತ್ರ ಇದ್ದ ಸುಡೋ ರಸ ಸುರೀತಾವ. ಆ್ಯಸಿಡ್ ಇದ್ದಂಗ ಅಂತ ತಿಳ್ಕೋರಿ. ಕಳ್ಳನ ಮ್ಯಾಲ ಸುರಿದಿದ್ದು ಕೀಲಿನ ಮ್ಯಾಲೂ ಬೀಳ್ತದ. ಅದಕ್ಕೇ ಊತ, ಅದಕ್ಕೇ ಬಿಸಿ. ಉರಿಯೂತ ಅಂದ್ರ ಇದೇ."

ಕಾಕಾನ ಕೈ ತಾನಾಗಿಯೇ ಎಡಕಿಸೆಯ ಮೇಲೆ ಹೋಯಿತು. ಬಸ್ಸಿನಲ್ಲಿ ಬರುವಾಗ ಮಳಖೇಡದ ತನಕ ಆ ಕೈ ಅಲ್ಲೇ ಇತ್ತು. ಆಮೇಲೆ, "ನಿನ್ನ ಮೈಯಾಗ ಭಾರಿ ಲ್ಯಾಬ್ ಅದಲ್ಲೋ" ಎಂದರು. ಅವರು ನನ್ನ ಬಗ್ಗೆ ಗೌರವದಿಂದ ಆಡಿದ ಮೊದಲ ಮಾತು ಅದು.

ಸುದ್ದಿ ಮನೆ ಮುಟ್ಟುವಷ್ಟರಲ್ಲಿ ನನಗೆ 'ಸುಣ್ಣದ ರೋಗ'ವಾಗಿತ್ತು. ಅವ್ವ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಚೆಲ್ಲಿದಳು. ಲೈಮ್ ಎಂದರೆ ನಿಂಬೆಹಣ್ಣು ಎಂದು ಪಕ್ಕದ ಮನೆಯ ಇಂಗ್ಲಿಷ್ ಮೀಡಿಯಂ ಹುಡುಗಿ ಹೇಳಿದ್ದೇ ತಡ, ಉಪ್ಪಿನಕಾಯಿ ಭರಣಿ ಅಟ್ಟ ಹತ್ತಿತು. ಗೋಡೆಗೆ ಸುಣ್ಣ ಹಚ್ಚಿದ್ದ ಕೋಣೆಯಿಂದ ಪೇಂಟ್ ಹಚ್ಚಿದ ಕೋಣೆಗೆ ನನ್ನ ಹಾಸಿಗೆ ಬಂತು. ನಂಬದೆ ಬೈದಿದ್ದ ಅವ್ವ ಈಗ ಎಷ್ಟು ನಂಬಿದಳೆಂದರೆ, ಫರ್ಸಿಯ ನೆಲದ ಮೇಲೆ ಬರಿಗಾಲಿಡಲೂ ಬಿಡಲಿಲ್ಲ! ಸೇಡಂನಲ್ಲಿ ಯಾರಿಗೂ ಇಲ್ಲದ ರೋಗ ಮಗನಿಗೆ ಬಂದಿದೆಯೆಂಬ ಒಂದು ಸಣ್ಣ ಹೆಮ್ಮೆಯೂ ಅವಳಿಗಿತ್ತೆಂದು ನನ್ನ ಗುಮಾನಿ. ನನಗಂತೂ ಇತ್ತು. ಚಹಾದಂಗಡಿಗೆ ಹೋಗಿ ರೋಗದ ಹೆಸರನ್ನು ನಾಲ್ಕು ಸಲ ಹೇಳಿ ಬಂದಿದ್ದೆ.

ನಾಲ್ಕು ವಾರ ಗುಳಿಗೆ ನುಂಗಿದೆ. ಗುಳಿಗೆ ಮುಗಿಯಿತು. ಊತ ಮುಗಿಯಲಿಲ್ಲ. ಇನ್ನೊಂದು ಸುತ್ತು ಔಷಧವಾಯಿತು. ಮೊಣಕಾಲು ಹಾಗೇ ಕುಂಬಳಕಾಯಿ. ಹೆಮ್ಮೆ ಇಳಿದು ಹೆದರಿಕೆ ಹತ್ತಿತು. ಕಾಕಾ ಮತ್ತೆ ಕಲಬುರಗಿಗೆ ಕರೆದುಕೊಂಡು ಹೋದರು.

"ಹುಳ ಸತ್ತದ ಅನ್ನಸ್ತದ" ಎಂದರು ಡಾಕ್ಟರಮ್ಮ. "ಕಾವಲಿನವರು ಇನ್ನೂ ಬಡದಾಟ ನಿಲ್ಲಸಿಲ್ಲ."

"ಕಳ್ಳ ಸತ್ತ ಮ್ಯಾಲ ಯಾರ ಜೋಡಿ ಬಡದಾಡ್ತಾವ್ರಿ?"

"ಯಾಕ ಹಿಂಗ ಆಗ್ತದ ಅಂತ ಪೂರಾ ಯಾರಿಗೂ ತಿಳಿದಿಲ್ರಿ. ಕೆಲವರು ಹಿಂಗಂತಾರ: ಆ ಬ್ಯಾಕ್ಟೀರಿಯಾದ ಒಂದು ತುಂಡು ನಮ್ಮದೇ ಮೈಯಾಗಿನ ಒಂದು ತುಂಡಿನಂಗ ಕಾಣ್ತದಂತ. ನಮ್ಮ ನಕಲಿ ಮಾಡಿದಂಗ. ಕಾವಲು ಕಣ ಗುರ್ತು ತಪ್ಪಿ, ನಕಲಿ ಬಿಟ್ಟು ಅಸಲಿಗೇ ಹೊಡೀತಾವ."

ಕಾಕಾ ನಿಧಾನವಾಗಿ ತಿರುಗಿ ನನ್ನನ್ನು ನೋಡಿದರು. ನಾನು ನನ್ನ ಮೊಣಕಾಲನ್ನು ನೋಡಿದೆ. ಅದು ನನ್ನನ್ನು ನೋಡಿತು. ಇಡೀ ಸೇಡಂ ತಾಲ್ಲೂಕಿನಲ್ಲಿ ಆ ಹುಳಕ್ಕೆ ಬೇರೆ ಮನೆ ಸಿಗಲಿಲ್ಲವೇ? ಕಸುಬುದಾರ ಕಸುಬುದಾರನನ್ನೇ ಹುಡುಕಿಕೊಂಡು ಬಂದಿದೆ!

"ಸಾಕು ಅನ್ನೋರು ಯಾರೂ ಇಲ್ಲೇನ್ರಿ ಒಳಗ?" ಎಂದರು ಕಾಕಾ.

"ಅದಾವ್ರಿ. ಜಗಳ ಬಿಡಸೋ ಕಣಾನೂ ಅದಾವ. ಇವರಿಗಿ ಅವು ಸಾಲ್ದಂಗ ಆಗ್ಯಾವ ಅನ್ನಸ್ತದ. ಬಡದಾಟ ಇಳಸೋ ಬ್ಯಾರೆ ಗುಳಿಗಿ ಕೊಡ್ತೀನಿ. ತಿಂಗಳಗಟ್ಟಲೆ ಹಿಡೀಬಹುದು. ದಿನಾ ಕಾಲು ಮಡಚಿ ಬಿಚ್ಚೋದು ಬಿಡಬಾರ್ದು. ಭಾಳ ದಿನ ಹಿಂಗೇ ಊದಿ ಉಳೀತಂದ್ರ ಕೀಲಿನ ಗಾದಿ ಸವೀತದ. ಆಮ್ಯಾಗ ಇದೇ ನಡಿಗಿ ಕಾಯಂ."

ಇದೇ ನಡಿಗೆ ಕಾಯಂ. ಅದುವರೆಗೆ ನನ್ನ ಹತ್ತಿರ ನಲವತ್ತು ನಡಿಗೆಗಳಿದ್ದವು. ಇನ್ನು ಒಂದೇ ಉಳಿಯುತ್ತದೇನೋ ಎಂದುಕೊಂಡೆ. ಅದೂ ನನ್ನದಲ್ಲ!

ಕೂಗಿ ನಿಲ್ಲಿಸದವರ ಕತೆ ನನಗೆ ಹೊಸದಲ್ಲ. ಒಮ್ಮೆ ಲಸಿಕೆ ಹಾಕುವ ಕಾರ್ಯಕ್ರಮಕ್ಕೆ "ಇಂದೇ ಕೊನೆಯ ದಿನ, ತಪ್ಪದೇ ಬನ್ನಿ" ಎಂದು ದನಿ ಕೊಟ್ಟಿದ್ದೆ. ಆಟೋದವನು ಆ ರೆಕಾರ್ಡಿಂಗ್ ತೆಗೆಯಲು ಮರೆತು ಆಮೇಲೂ ಎಂಟು ದಿನ ತಿರುಗಿಸಿದ. ತೆಂಗಳಿ ಹಳ್ಳಿಯ ತಾಯಂದಿರು ಎಂಟು ದಿನವೂ ಕೂಸುಗಳನ್ನೆತ್ತಿಕೊಂಡು ಬಂದು, ಬಾಗಿಲು ಹಾಕಿದ್ದ ಶಾಲೆ ನೋಡಿ, ನನಗೆ ಶಾಪ ಹಾಕಿ ಹೋದರು. ಈಗ ನನ್ನ ಮೊಣಕಾಲಲ್ಲೇ ಅಂಥದೊಂದು ಆಟೋ. ಶಾಪ ಸುತ್ತಿ ಮನೆಗೇ ಬಂದಿತ್ತು!

ಜಗಳ ಬಿಡಿಸುವ ಕಣ ಒಳಗೆ ಸಾಲದಿದ್ದರೇನು, ಹೊರಗೆ ಕಾಕಾ ಇದ್ದರಲ್ಲ. ದಿನಾ ಬೆಳಿಗ್ಗೆ ಬಿಸಿಲು ಬೀಳುವ ಹೊತ್ತಿಗೆ ಕಟ್ಟೆಯ ಮೇಲೆ ನನ್ನನ್ನು ಕೂಡಿಸಿ, ಕಾಲು ಮಡಚಿಸಿ ಬಿಚ್ಚಿಸುತ್ತಿದ್ದರು. ಮಡಚುವಾಗ ಮೊಣಕಾಲಿಗೆ ಗದರುತ್ತಿದ್ದರು.

"ಏ, ಸಾಕ್ ಮಾಡ್ರೋ! ಅಂವ ಸತ್ತು ಎಷ್ಟು ದಿನ ಆತು, ಇನ್ನಾ ಯಾರಿಗಿ ಹೊಡೀತೀರಿ? ಇದು ನಮ್ಮ ಹುಡುಗನ ಕಾಲು ಅದ. ಕಣ್ಣು ಕಾಣಂಗಿಲ್ಲೇನು?"

ಹೋಗಿಬರುವ ಮಂದಿ ನಿಂತು ನೋಡುತ್ತಿದ್ದರು. "ಯಾರ ಜೋಡಿ ಮಾತಾಡ್ಲಿಕತ್ತೀರಿ?" ಎಂದರೆ, "ಇವನ ಲ್ಯಾಬಿನವರ ಜೋಡಿ" ಎನ್ನುತ್ತಿದ್ದರು ನಗದೆ.

ಮೊಣಕಾಲಿಗೆ ಮಂಜುಗಡ್ಡೆ ಇಡಲು ಡಾಕ್ಟರಮ್ಮ ಹೇಳಿದ್ದರು. ನಮ್ಮ ಫ್ರಿಜ್ ಕೆಟ್ಟಿತ್ತು. ಕಾಕಾ ಸೈಕಲ್ಲಿನ ಐಸ್‌ಕ್ಯಾಂಡಿಯವನನ್ನು ನಿಲ್ಲಿಸಿ, ನಾಲ್ಕು ಕಿತ್ತಳೆ ಕ್ಯಾಂಡಿ ಟವೆಲ್ಲಿನಲ್ಲಿ ಸುತ್ತಿ ಕಟ್ಟಿದರು. ನೋವು ಇಳಿಯಿತು. ಕಾಲು ಮಾತ್ರ ವಾರಗಟ್ಟಲೆ ಕಿತ್ತಳೆ ಬಣ್ಣ! ಇರುವೆಗಳು ಮೆರವಣಿಗೆ ಹೊರಟವು. ಮುಂದಿನ ಸಲ ಡಾಕ್ಟರಮ್ಮ ಪ್ಯಾಂಟ್ ಮಡಚಿ ನೋಡಿ ಬೆಚ್ಚಿಬಿದ್ದು, "ಇದೇನು ಹೊಸಾ ಲಕ್ಷಣ?" ಎಂದರು. "ಆರೆಂಜ್ ಅದ ಮೇಡಂ. ಲೈಮ್ ಅಲ್ಲ" ಎಂದರು ಕಾಕಾ.

ಆ ತಿಂಗಳುಗಳಲ್ಲಿ ಬೆಳಗಿನ ಹೊತ್ತು ನಾವಿಬ್ಬರೂ ಓಣಿಯ ಕೊನೆಯವರೆಗೆ ನಡೆದು ಬರುತ್ತಿದ್ದೆವು. ಟಪ್ ಟಪ್, ಸರ್‍ರ್ ಸರ್‍ರ್. ನೋಡಿದವರು ಇನ್ನೂ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ಅವರ ನಡಿಗೆ ಮಾಡಿದೆನಲ್ಲ, ಅದರಲ್ಲಿ ಎಷ್ಟೊಂದು ಬಿಟ್ಟಿದ್ದೆ! ಭುಜ ಹಿಡಿದಿದ್ದೆ, ಸದ್ದು ಹಿಡಿದಿದ್ದೆ. ಮುಂದಿನ ಹತ್ತು ಹೆಜ್ಜೆಗಳ ಕಲ್ಲು, ತೆಗ್ಗು, ಸಗಣಿ ಎಲ್ಲವನ್ನೂ ಕಣ್ಣು ಮೊದಲೇ ಲೆಕ್ಕ ಹಾಕುತ್ತದೆಂದು ತಿಳಿದಿರಲಿಲ್ಲ. ಎಡಗಾಲು ಎಳೆಯುವ ಮುಂಚೆ ಕಾಕಾ ಅರ್ಧ ಉಸಿರು ಹಿಡಿಯುತ್ತಾರೆ. ಪ್ರತಿ ಸಲ. ಯಾರಿಗೂ ಕೇಳದಷ್ಟು ಮೆಲ್ಲಗೆ. ಅದು ನೋವಿನ ಲೆಕ್ಕ. ನನಗೂ ಹಾಗೆ ಹಿಡಿಯುವುದು ಬಂದ ಮೇಲಷ್ಟೇ ಅವರದು ಕೇಳಿಸಿತು.

ಊತ ಇಳಿಯಿತು. ಒಂದೇ ಸಲಕ್ಕಲ್ಲ, ನಾಲ್ಕು ದಿನ ಇಳಿದು ಎರಡು ದಿನ ಏರಿ, ಕೊನೆಗೊಮ್ಮೆ ಎರಡೂ ಮೊಣಕಾಲು ಅಣ್ಣತಮ್ಮಂದಿರ ಹಾಗೆ ಒಂದೇ ಅಳತೆಗೆ ಬಂದವು. ಡಾಕ್ಟರಮ್ಮ ಕಾಲು ಮಡಚಿ, ಬಿಚ್ಚಿ, ಕುಕ್ಕರಗಾಲಲ್ಲಿ ಕೂಡಿಸಿ, ಎಬ್ಬಿಸಿ, "ಆರಾಮ ಆಗೀರಿ, ಹೋಗ್ರಿ" ಎಂದರು. ಅವ್ವ ಉಪ್ಪಿನಕಾಯಿ ಭರಣಿ ಇಳಿಸಿದಳು.

ಕಾಕಾ ಮಾತ್ರ ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಅಂಗಳಕ್ಕೆ ಕರೆದರು. ತಾವು ಕಟ್ಟೆಯ ಮೇಲೆ ಕೂತರು.

"ನಡಿ."

ನಡೆದೆ. ಟಪ್ ಟಪ್ ಟಪ್ ಟಪ್. ನೆಟ್ಟಗೆ.

"ಇದಲ್ಲ. ನನ್ನ ನಡಿಗಿ ಮಾಡು."

"ಬ್ಯಾಡ ಕಾಕಾ."

"ಯಾಕ?"

"ಇನ್ನ ಅದನ್ನ ಮಾಡಂಗಿಲ್ಲ."

"ಮಾಡು ಅಂದೆ. ನಾ ಪರೀಕ್ಷಾ ಮಾಡಬೇಕು."

"ನನಗೀಗ ಗೊತ್ತಾಗ್ಯದ ಕಾಕಾ, ಅದು ಎಷ್ಟು ನೋಯ್ತದಂತ. ಇಷ್ಟು ವರ್ಷ ಮಂದಿ ಮುಂದ ನಿನ್ನ..." ಊರಿನ ಎಲ್ಲರ ದನಿ ಮಾಡುವವನಿಗೆ ಆ ಹೊತ್ತಿಗೆ ತನ್ನ ದನಿಯೇ ಸಿಗಲಿಲ್ಲ ನೋಡಿ!

ಕಾಕಾ ಕಿಸೆಯ ತೂತಿನಲ್ಲಿ ಬೆರಳಾಡಿಸಿದರು.

"ನೀ ಆರು ವರ್ಷದಾಂವ ಇದ್ದಿ" ಎಂದರು. "ನಾ ಡ್ಯೂಟಿಗಿ ಹೊಂಟಾಗ ನನ್ನ ಹಿಂದ ಹಿಂದ ಬರ್ತಿದ್ದಿ, ಕಾಲು ಎಳ್ಕೊಂತ. ನನಗ ತಿಳೀವಲ್ದು ಅಂತ ನಿನ್ನ ಲೆಕ್ಕ. ಮುಂಜಾನಿ ಬಿಸಿಲು ಬೆನ್ನಿಗಿ ಇರ್ತಿತ್ತಲ್ಲೋ. ಎರಡೂ ನೆರಳು ನನ್ನ ಮುಂದೇ ಬೀಳ್ತಿದ್ದವು. ಒಂದು ದೊಡ್ಡದು, ಒಂದು ಸಣ್ಣದು. ಎರಡೂ ಒಂದೇ ನಮೂನಿ ಕುಂಟ್ಕೊಂತ."

"ಬೈಲಿಲ್ಲ ಯಾಕ?"

"ಯಾಕ ಬೈಲಿ? ನಾ ಹಾದು ಹೋದ್ರ ಮಂದಿ ಮಾರಿ ಆ ಕಡಿ ಮಾಡ್ತಿದ್ರು. ನನ್ನಂಗ ನಡೀಬೇಕಂತ ಮನಸ್ಸು ಮಾಡಿದಾಂವ ಇಡೀ ಊರಾಗ ನೀ ಒಬ್ಬನೇ ಇದ್ದಿ. ನಿನಗ ಹೆಜ್ಜಿ ಸಿಗಲಿ ಅಂತ ನಾ ಇನ್ನಷ್ಟು ಸಾವಕಾಶ ನಡೀತಿದ್ದೆ. ಎಷ್ಟೋ ಸಲ ಬಸ್ ತಪ್ಪ್ಯದ." ಆಮೇಲೆ ಪ್ರತಿದಿನದ ದನಿಗೆ ಬಂದು ಗದರಿದರು: "ಮಾಡ್ತಿ ಇಲ್ಲೋ? ಆ ಡಾಕ್ಟರಮ್ಮ ಕುಂದ್ರಿಸಿ ಎಬ್ಬಿಸಿದ್ರ ಮುಗೀತೇನು? ನಿನ್ನ ಕುಂಟು ನಕಲಿ ಆಗ್ಯದ ಅಂತ ನನಗ ಖಾತ್ರಿ ಆಗಬೇಕು."

ಮಾಡಿದೆ. ಬಾವಿಕಟ್ಟೆಯಿಂದ ಬಾಗಿಲವರೆಗೆ, ಟಪ್, ಸರ್‍ರ್. ಕಾಕಾ ಕಣ್ಣು ಕಿರಿದು ಮಾಡಿ ನನ್ನ ಕಾಲನ್ನಲ್ಲ, ಮುಖವನ್ನೇ ನೋಡುತ್ತಿದ್ದರು. ನಾನೂ ಹಳೆಯ ಚಾಳಿಯಂತೆ ಅವರು ನಕ್ಕರೋ ಇಲ್ಲವೋ ಎಂದು ಅವರ ಮುಖ ನೋಡಿದೆ.

"ನಕಲಿ!" ಎಂದು ತೊಡೆ ತಟ್ಟಿದರು. ನೊರೆ ಬಾರದೆ ಇದ್ದದ್ದಕ್ಕೆ ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡೇ ಇರಲಿಲ್ಲ. "ವೈನೀ, ಪೂರಾ ನಕಲಿ ಅದ್ರಿ! ಹುಡುಗ ಆರಾಮ ಆದ!"

ಕಣ್ಣೊರೆಸಿಕೊಳ್ಳಲು ಟವೆಲ್ ಹುಡುಕುವವರ ಹಾಗೆ ಎದ್ದು ಓಣಿಯ ಕಡೆ ಹೊರಟರು. ದಿನದ ನಡಿಗೆಯ ಹೊತ್ತಾಗಿತ್ತು. ನಾನು ಹಿಂದೆ ಹೋದೆ, ಆರು ವರ್ಷದವನ ಹಾಗೆ ಕಾಲು ಎಳೆಯುತ್ತ, ಅವರ ಹೆಜ್ಜೆಗೆ ಹೆಜ್ಜೆಯಿಟ್ಟು. ಬಿಸಿಲು ಬೆನ್ನಿಗಿತ್ತು. ಎರಡು ನೆರಳು ಮುಂದೆ ಬಿದ್ದಿದ್ದವು. ಈಗ ಸಣ್ಣದು ಅವರದು. ಕಾಕಾ ಹೆಜ್ಜೆ ಸಾವಕಾಶ ಮಾಡಿದರು. ಎಡಗಾಲು ಎಳೆಯುವ ಮುಂಚೆ ಅರ್ಧ ಉಸಿರು ಹಿಡಿದರು. ನಾನೂ ಹಿಡಿದೆ.

ಹಿಂದಕ್ಕೆ ತಿರುಗಲಿಲ್ಲ ಅವರು.

"ಈಗ ಬರಾಬರ್ ಆತು ನೋಡು" ಎಂದರು.